ನೊರೆಯೊಳಗೆ ಬೆರೆಯುತ್ತಿರುವ ಬೂದಿ

ಕರಾವಳಿಯಿಂದ ಘಟ್ಟ ಹತ್ತಿ ಬರುವ ಮೀನಿನ ಬಿಳಿ ಪೆಟ್ಟಿಗೆಯನ್ನು ಮಲೆನಾಡಿನಲ್ಲಿ ಕಾಣದವರಿಲ್ಲ. ಆ ಥರ್ಮಾಕೋಲಿನ ಗಾತ್ರದಲ್ಲಿ ಶೇಕಡ 95ಕ್ಕೂ ಹೆಚ್ಚು ಪಾಲು ಗಾಳಿ. ಉಳಿದದ್ದು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್. ಸಣ್ಣ ಕೋಶಗಳಲ್ಲಿ ಗಾಳಿ ಸೆರೆಯಾಗಿರುವುದರಿಂದ ಮಂಜುಗಡ್ಡೆ ಬೇಗ ಕರಗದು, ಪೆಟ್ಟಿಗೆಯೂ ಭಾರವೆನಿಸದು. ಅದೇ ಕಾರಣಕ್ಕೆ ಒಡೆದ ಚೂರುಗಳು ಮೊದಲ ಮಳೆಗೇ ಹಳ್ಳ ಸೇರಿ, ತೇಲುತ್ತ ಹೋಗಿ ತೋಟದ ಬಸಿಗಾಲುವೆಗಳಲ್ಲಿ ಸಿಕ್ಕಿಕೊಳ್ಳುತ್ತವೆ.

ಇಂತಹ ಪ್ಲಾಸ್ಟಿಕ್ ನೊರೆಗೆ ಬಲವಾಗಲಿ ವಿಶೇಷ ಗುಣವಾಗಲಿ ಬೇಕಾದಾಗ ಅದರೊಳಗೆ ಬೇರೆ ಪುಡಿಗಳನ್ನು ಬೆರೆಸುತ್ತಾರೆ. ಗ್ರಾಫೈಟ್ ಬೆರೆತ ಬೂದುಬಣ್ಣದ ಹಲಗೆ ಶಾಖವನ್ನು ಇನ್ನಷ್ಟು ಚೆನ್ನಾಗಿ ತಡೆಯುತ್ತದೆ. ಟೊಳ್ಳಾದ ಗಾಜಿನ ಸೂಕ್ಷ್ಮ ಗೋಲಿಗಳನ್ನು ರಾಳದಲ್ಲಿ ಕೂಡಿಸಿದರೆ ಕಡಲಾಳದ ಒತ್ತಡಕ್ಕೂ ಜಗ್ಗದ ಫೋಮ್ ದೊರೆಯುತ್ತದೆ. 2012ರಲ್ಲಿ ಜೇಮ್ಸ್ ಕ್ಯಾಮರೂನ್ ಸುಮಾರು 10,900 ಮೀಟರ್ ಆಳಕ್ಕೆ ಇಳಿದ ನೌಕೆಯ ಬಹುಪಾಲು ಇಂತಹ ಫೋಮೇ ಆಗಿತ್ತು. ಕಲ್ಲಿದ್ದಲಿನ ಹಾರುಬೂದಿಯಲ್ಲೂ ಇಂಥ ಟೊಳ್ಳು ಗೋಲಿಗಳಿರುತ್ತವೆ. ಕೊಡ, ಡಬ್ಬಿಗಳಿಗೆ ಬಳಸುವ ಎಚ್‌ಡಿಪಿಇ ಪ್ಲಾಸ್ಟಿಕ್ಕಿಗೆ ಅವನ್ನು ಬೆರೆಸಿ ಹಗುರವೂ ಗಟ್ಟಿಯೂ ಆದ ವಸ್ತುವನ್ನು ರೂಪಿಸುವ ಸಂಶೋಧನೆ ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿಯೇ ನಡೆದಿದೆ. ಬುದ್ಧಿವಂತಿಕೆಯ ಕೆಲಸವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಇದರಿಂದ ಬೂದಿಗುಡ್ಡಗಳು ಕರಗುತ್ತವೆಂದು ಭಾವಿಸುವಂತಿಲ್ಲ. ಹಾರುಬೂದಿಯಲ್ಲಿ ಈ ಗೋಲಿಗಳ ಪಾಲು ಅತ್ಯಲ್ಪ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಒಮ್ಮೆ ಬೆರೆಸಿದ್ದನ್ನು ಮತ್ತೆ ಬೇರ್ಪಡಿಸುವುದು ಬಹು ಕಷ್ಟ. ಕಟ್ಟಡಗಳ ಥರ್ಮಾಕೋಲ್ ಹಲಗೆಗೆ ಬೆಂಕಿ ತಗುಲದಿರಲೆಂದು ಎಚ್‌ಬಿಸಿಡಿ ಎಂಬ ಬ್ರೋಮಿನ್‌ಯುಕ್ತ ರಾಸಾಯನಿಕವನ್ನು ದಶಕಗಳ ಕಾಲ ಸೇರಿಸಲಾಯಿತು. ಅದು ಬೇಗ ನಾಶವಾಗದೆ ಜೀವಿಗಳ ದೇಹದಲ್ಲಿ ಸಂಗ್ರಹವಾಗುತ್ತದೆಂದು ತಿಳಿದ ಮೇಲೆ, 2013ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೆ ಸೇರಿತು. ಭಾರತ 2018ರಲ್ಲಿ ನಿಷೇಧಿಸಿತು. ಅಷ್ಟರಲ್ಲಿ ಗೋಡೆಗಳೊಳಗೆ ಹೋಗಿ ಕುಳಿತ ಹಲಗೆಗಳಿಂದ ಅದನ್ನು ಹೊರತೆಗೆಯುವವರು ಯಾರು?

ಐವತ್ತು ವರ್ಷ ಬಾಳುವ ಗೋಡೆಯ ಹಲಗೆಯನ್ನೂ ಅರ್ಧ ಗಂಟೆ ಬಾಳುವ ಊಟದ ತಟ್ಟೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಥರ್ಮಾಕೋಲ್ ತಟ್ಟೆಗಳನ್ನು ಕರ್ನಾಟಕ 2016ರಲ್ಲಿಯೂ ಕೇಂದ್ರ ಸರ್ಕಾರ 2022ರಲ್ಲಿಯೂ ನಿಷೇಧಿಸಿವೆ. ಇನ್ನು ಭತ್ತದ ಹೊಟ್ಟನ್ನೋ ನಾರನ್ನೋ ಬೆರೆಸಿದ ಮಾತ್ರಕ್ಕೆ ಪ್ಲಾಸ್ಟಿಕ್ ಹಸಿರಾಗಿಬಿಡುವುದಿಲ್ಲ. ಹೊಟ್ಟು ಕೊಳೆತೀತು, ಅದನ್ನು ಸುತ್ತಿದ ಪಾಲಿಸ್ಟೈರೀನ್ ಚೂರುಚೂರಾಗಿ ಮಣ್ಣಿನಲ್ಲಿಯೇ ಉಳಿಯುತ್ತದೆ. ಅಡಿಕೆ ಹಾಳೆಯನ್ನು ಒತ್ತಿ ತಟ್ಟೆ ಮಾಡುವ ಊರುಗಳಿಗೆ ಇಂತಹ ಸರಕಿನ ಅಗತ್ಯವಾದರೂ ಏನು?

ಗ್ರಾಮ ಪಂಚಾಯಿತಿಯ ಕಸದ ಘಟಕಗಳಲ್ಲಿ ಸ್ವಸಹಾಯ ಸಂಘದ ಮಹಿಳೆಯರು ಕೈಯಿಂದಲೇ ಎಲ್ಲವನ್ನೂ ವಿಂಗಡಿಸುತ್ತಾರೆ. ಬೂದಿ ಬೆರೆತ ಫೋಮ್ ಯಾವುದು, ಬೆರೆಯದ್ದು ಯಾವುದು ಎಂದು ಕಣ್ಣಳತೆಯಲ್ಲಿ ಅವರಿಗೆ ತಿಳಿಯುವುದು ಹೇಗೆ? ಒಳಗೆ ಏನಿದೆ, ಎಷ್ಟಿದೆ ಎಂಬುದನ್ನು ತಯಾರಕರು ಪ್ರತಿ ಸರಕಿನ ಮೇಲೂ ಕನ್ನಡದಲ್ಲಿ ಅಚ್ಚು ಹಾಕಬೇಕು. ಬಳಸಿದ ಮೇಲೆ ಮರಳಿ ಒಯ್ಯುವ ಹೊಣೆಯನ್ನೂ ಹೊರಬೇಕು. ಮುಂದಿನ ಗ್ರಾಮಸಭೆಯಲ್ಲಿ ಈ ಎರಡು ಬೇಡಿಕೆಗಳು ನಿರ್ಣಯವಾಗಿ ದಾಖಲಾಗಲಿ.