ಅಫೀಮು ವರ್ಗದ ಔಷಧಗಳ ದುರ್ಬಳಕೆ ತಡೆ: ಆರೋಗ್ಯ ಸಿಬ್ಬಂದಿಗೆ ಜಂಟಿ ತರಬೇತಿಯ ಅಗತ್ಯ

ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯವು 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಸುಮಾರು 2.26 ಕೋಟಿ ಜನರು ಅಫೀಮು ವರ್ಗದ ಪದಾರ್ಥಗಳನ್ನು ಬಳಸುತ್ತಿದ್ದರು. ಇವುಗಳಲ್ಲಿ ಹೆರಾಯಿನ್ ನಂತರದ ಸ್ಥಾನ ಇದೇ ವರ್ಗದ ಔಷಧಗಳದ್ದಾಗಿತ್ತು.

ನೋವು ನಿವಾರಕವಾದ ಟ್ರಮಡಾಲ್ ಅನ್ನು 2018ರಲ್ಲಿ ಎನ್.ಡಿ.ಪಿ.ಎಸ್. ಅಧಿನಿಯಮ, 1985ರ ವ್ಯಾಪ್ತಿಗೆ ತರಲಾಯಿತು. ಆದರೆ ನಿರ್ಬಂಧವೊಂದೇ ಪರಿಹಾರವಲ್ಲ. ಕ್ಯಾನ್ಸರ್ ರೋಗಿಗಳ ತೀವ್ರ ನೋವಿಗೆ ಮಾರ್ಫಿನ್ ಅತ್ಯಗತ್ಯ. ಕಠಿಣ ಪರವಾನಗಿ ಕ್ರಮಗಳಿಂದ ಅದು ರೋಗಿಗಳಿಗೆ ದುರ್ಲಭವಾಗಿದ್ದ ಕಾರಣ 2014ರಲ್ಲಿ ಸದರಿ ಅಧಿನಿಯಮಕ್ಕೆ ತಿದ್ದುಪಡಿ ತರಬೇಕಾಯಿತು.

ವೈದ್ಯರು ಚೀಟಿ ಬರೆಯುತ್ತಾರೆ, ಫಾರ್ಮಸಿಸ್ಟರು ಔಷಧ ವಿತರಿಸುತ್ತಾರೆ, ಶುಶ್ರೂಷಕರು ರೋಗಿಯನ್ನು ನಿತ್ಯವೂ ಗಮನಿಸುತ್ತಾರೆ. ಒಬ್ಬರೇ ರೋಗಿ ಹಲವು ವೈದ್ಯರ ಚೀಟಿ ತರುತ್ತಿರುವುದು ಫಾರ್ಮಸಿಸ್ಟರ ವಹಿಯಲ್ಲಿ ಕಂಡುಬರುತ್ತದೆ. ನೋವು ಶಮನವಾಗದೆ ನರಳುವುದು ಶುಶ್ರೂಷಕರ ಗಮನಕ್ಕೆ ಬರುತ್ತದೆ. ಈ ಮಾಹಿತಿ ವೈದ್ಯರಿಗೆ ತಲುಪದಿದ್ದಲ್ಲಿ ವ್ಯಸನವೂ ತಪ್ಪದು, ನೋವೂ ತಪ್ಪದು. ಪ್ರತ್ಯೇಕ ತರಬೇತಿಗಳಿಂದ ಈ ಕೊರತೆ ನೀಗದು. ಆದುದರಿಂದ ಮೂರೂ ವೃತ್ತಿಯವರು ಒಟ್ಟಿಗೆ ಕುಳಿತು ಒಂದೇ ಪ್ರಕರಣವನ್ನು ಚರ್ಚಿಸಿ, ಯಾರು ಯಾರಿಗೆ ಯಾವಾಗ ತಿಳಿಸಬೇಕೆಂಬುದನ್ನು ನಿರ್ಧರಿಸುವ ಜಂಟಿ ತರಬೇತಿ ಅವಶ್ಯಕ.

ವ್ಯಸನವು ಚಿಕಿತ್ಸೆಗೆ ಒಳಪಡುವ ಕಾಯಿಲೆ. ಸಲಹೆಗಾಗಿ ಸಾರ್ವಜನಿಕರು ರಾಷ್ಟ್ರೀಯ ಉಚಿತ ಸಹಾಯವಾಣಿ 14446 ಅನ್ನು ಸಂಪರ್ಕಿಸಬಹುದಾಗಿದೆ.