ಮೀನಿಗೆ ಮೂರು ಹೊತ್ತಿನ ಊಟ ಬೇಡ

ನಾವು ಉಣ್ಣುವಷ್ಟು ಸಲ ತೊಟ್ಟಿಯ ಮೀನಿಗೂ ಹಾಕಬೇಕೆಂಬ ವಾದದಲ್ಲಿ ಕರುಣೆ ಇದೆ, ಲೆಕ್ಕ ತಪ್ಪಿದೆ. ಮೀನು ಶೀತರಕ್ತದ ಪ್ರಾಣಿ. ಮೈ ಬೆಚ್ಚಗಿಡಲು ನಮ್ಮಷ್ಟು ಆಹಾರ ಅದಕ್ಕೆ ಬೇಕಿಲ್ಲ. ಬೆಳೆದ ಮೀನಿಗೆ ದಿನಕ್ಕೆ ಒಂದೆರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಹಾಕಿದರೆ ಸಾಕು. ಮಿಕ್ಕ ಕಾಳು ಕಲ್ಲಿನ ಸಂದಿಯಲ್ಲಿ ಉಬ್ಬಿ, ಬಿಳಿ ಬೂಸ್ಟು ಹಿಡಿದು, ಕೊಳೆತು ಅಮೋನಿಯಾ ಬಿಡುತ್ತದೆ. ಆಮೇಲೆ ನೀರು ಬದಲಿಸದೆ ಗತಿಯಿಲ್ಲ. ನಳದ ನೀರಿಗೆ ದಿನಗಟ್ಟಲೆ ಕಾದು ರೂಢಿಯಾದ ಧಾರವಾಡದಲ್ಲಿ, ಸಪ್ತಾಪುರದ ಬಾಡಿಗೆ ಕೋಣೆಯಲ್ಲಿ ಪುಟ್ಟ ತೊಟ್ಟಿ ಇಟ್ಟುಕೊಂಡ ವಿದ್ಯಾರ್ಥಿ ಅಷ್ಟು ನೀರು ಎಲ್ಲಿಂದ ತರಬೇಕು? ಬಂದ ನೀರಲ್ಲೂ ಕ್ಲೋರಿನ್ ಇರುತ್ತದೆ. ಹಾಗೇ ಸುರಿದರೆ ಕಿವಿರಿಗೆ ಅಪಾಯ.

ಗಾಜಿನ ಹತ್ತಿರ ಬಂದು ಬಾಯಿ ತೆರೆಯುವುದೇ ಹಸಿವಿಗೆ ಸಾಕ್ಷಿ ಎನ್ನುವವರಿದ್ದಾರೆ. ಅದು ಬರೀ ರೂಢಿ: ಡಬ್ಬಿ ಹಿಡಿದ ಕೈ ಕಂಡರೆ ಹೊಟ್ಟೆ ತುಂಬಿದ ಮೀನೂ ಓಡಿ ಬರುತ್ತದೆ. (ಗೋಲ್ಡ್‌ಫಿಶ್ ಮೇಲೆದ್ದು ಗಾಳಿ ಗುಟುಕರಿಸುತ್ತಿದ್ದರೆ ನೀರು ಕೆಟ್ಟಿದೆ ಎಂದೇ ಶಂಕಿಸಬೇಕು; ಆಗ ಇನ್ನೊಂದು ಚಿಟಿಕೆ ಹಾಕುವುದು ಕ್ರೌರ್ಯ.) ಗೋಲ್ಡ್‌ಫಿಶ್‌ಗೆ ಜಠರವಿಲ್ಲ, ಸ್ವಲ್ಪ ಸ್ವಲ್ಪವೇ ಹಾಕಬೇಕು ಎಂಬ ಮಾತು ಒಪ್ಪತಕ್ಕದ್ದೇ, ಆದರೆ ಹೆಚ್ಚಬೇಕಾದದ್ದು ಕಂತು, ಪ್ರಮಾಣವಲ್ಲ. ಪದೇ ಪದೇ ಆಹಾರ ಬೇಕಾದದ್ದು ಮರಿಗಳಿಗೆ. ಹಬ್ಬಕ್ಕೆ ಊರಿಗೆ ಹೊರಟವರು ಡಬ್ಬಿಯನ್ನು ಪಕ್ಕದ ಕೋಣೆಯವರ ಕೈಗೆ ಕೊಡಬೇಡಿ. ಎರಡು ಮೂರು ದಿನದ ಉಪವಾಸಕ್ಕೆ ಬೆಳೆದ, ಗಟ್ಟಿಮುಟ್ಟಾದ ಮೀನು ಸಾಯುವುದಿಲ್ಲ.