ಹಿಡಿದ ಹೊಗೆಯನ್ನು ಹೂಳುವುದೆಲ್ಲಿ?

ಬಿ.ಸಿ.ರೋಡಿನಲ್ಲಾಗಲಿ ಮೂಡುಬಿದಿರೆಯಲ್ಲಾಗಲಿ, ಮನೆ ಕಟ್ಟಿಸುವವರು ಕಬ್ಬಿಣದ ರೇಟು ಕೇಳುತ್ತಾರೆ, ಹೊಗೆಯ ಲೆಕ್ಕ ಕೇಳುವುದಿಲ್ಲ. ಕಲ್ಲಿದ್ದಲಿನ ಊದುಕುಲುಮೆಯಲ್ಲಿ 1 ಟನ್ ಉಕ್ಕು ಆದರೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಅದನ್ನು ಹಿಡಿದು ನೆಲದಾಳಕ್ಕೆ ತುಂಬಿದರೆ ಉಕ್ಕು 'ಹಸಿರು' ಎನ್ನುವುದು ಈಗಿನ ಭರವಸೆ.

ಲೆಕ್ಕ ನೋಡಿ. 2021ರಲ್ಲಿ ಜಮ್ಶೆಡ್‌ಪುರದಲ್ಲಿ ಟಾಟಾ ಸ್ಟೀಲ್ ಶುರುಮಾಡಿದ ಘಟಕದ ಸಾಮರ್ಥ್ಯ ದಿನಕ್ಕೆ 5 ಟನ್. ಅಂದರೆ ಎರಡೂವರೆ ಟನ್ ಉಕ್ಕಿನ ಹೊಗೆ. ಒಂದು ಲಾರಿಯೂ ತುಂಬದು! ಅಬುಧಾಬಿಯ ಉಕ್ಕಿನ ಕಾರ್ಖಾನೆಯಲ್ಲಿ 2016ರಿಂದ ದೊಡ್ಡ ಮಟ್ಟದಲ್ಲೇ ಹಿಡಿಯುತ್ತಿದ್ದಾರೆ, ನಿಜ. ಆದರೆ ತುಂಬುವುದು ಎಣ್ಣೆ ಬಾವಿಗೆ, ಇನ್ನಷ್ಟು ಎಣ್ಣೆ ಎತ್ತುವುದಕ್ಕೆ.

ನಮ್ಮ ಬಳ್ಳಾರಿಯ ತೋರಣಗಲ್ಲಿನ ದೈತ್ಯ ಕಾರ್ಖಾನೆಯ ಹೊಗೆಯನ್ನು ಎಲ್ಲಿ ಹೂಳುತ್ತಾರೆ? ಅನಿಲ ತುಂಬಲು ಆಳದಲ್ಲಿ ಸಣ್ಣ ರಂಧ್ರಗಳ ಬಂಡೆ, ಅದರ ಮೇಲೆ ಸೋರದ ಪದರ ಬೇಕು. ಅಲ್ಲಿರುವುದು ಹಳೆಯ ಗಟ್ಟಿ ಕಲ್ಲು. ಹಾಗಾದರೆ ದೂರಕ್ಕೆ ಪೈಪ್‌ಲೈನ್ ಎಳೆಯಬೇಕು, ಯಾರದೋ ಜಮೀನಿನ ಅಡಿಯಲ್ಲಿ. ಮಂಗಳೂರಿನಿಂದ ಘಟ್ಟ ಹತ್ತುವ ಪೆಟ್ರೋಲಿಯಂ ಪೈಪ್‌ಲೈನ್ ಕಂಡ ಬಂಟ್ವಾಳ, ಬೆಳ್ತಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಂತ್ರಜ್ಞಾನವೇ ಬೇಡ ಎನ್ನುತ್ತಿಲ್ಲ. ಹೂಳುವ ಜಾಗ ಯಾವುದು, ಪೈಪಿನ ದಾರಿ ಯಾವುದು, ಸೋರಿದರೆ ಹೊಣೆ ಯಾರದು, ಮೊದಲು ಹೇಳಲಿ. ಗುಜರಿ ಕಬ್ಬಿಣವನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿದರೆ ಹೊಗೆ ಎಷ್ಟೋ ಕಡಿಮೆ. ಸರ್ಕಾರದ ಹಣ ಮೊದಲು ಅಲ್ಲಿಗೆ ಹೋಗಲಿ. ಹೂಳಲು ಜಾಗ ತೋರಿಸದೆ 'ಹಸಿರು ಉಕ್ಕು' ಎಂದರೆ ನಾವು ನಂಬಬೇಕಾಗಿಲ್ಲ.